ಆರು ಬೈ ಒಂಬತ್ತು

ಎಂಜಿನಿಯರ್ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ನಕ್ಷೆಯ ಹಾಳೆಯನ್ನು ಮಂಚದ ಮೇಲೆ ಹರಡಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ: "ಟೀಚರ್, ಅಡಿಗಿಮನಿ ಎಷ್ಟು ದೊಡ್ಡದು ಇಡೂಣ್ರಿ?"

"ಎಷ್ಟು ಸಣ್ಣದು ಇಡಬಹುದು, ಅದನ್ನ ಹೇಳಪ್ಪ" ಎಂದೆ.

ಹುಡುಗ ನಕ್ಕ. ನಮ್ಮ ಮನೆಯವರು ನಗಲಿಲ್ಲ.

ಅವನು ಫೋನಿನಲ್ಲಿ ಏನೋ ಹುಡುಕಿ ಹೇಳಿದ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆಯಂತೆ. ಊಟಕ್ಕೆ ಬೇರೆ ಜಾಗ ಇರುವ ಮನೆಯಲ್ಲಿ ಅಡುಗೆಮನೆ 5 ಚದರ ಮೀಟರಿಗಿಂತ ಸಣ್ಣದಿರಬಾರದು, ಅಗಲ 1.8 ಮೀಟರಿಗಿಂತ ಕಡಿಮೆಯಾಗಬಾರದು ಅನ್ನುತ್ತದಂತೆ. ನಮ್ಮ ಲೆಕ್ಕದಲ್ಲಿ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದ.

"ಅಷ್ಟು ಸಾಕು" ಎಂದೆ.

"ಟೀಚರ್, ಈಗ ಬಾತ್‌ರೂಮೇ ಅಷ್ಟು ಮಾಡಿಸ್ತಾರ್ರಿ."

ನಮ್ಮದು ಭಾಗ್ಯನಗರದಲ್ಲಿ ಮೂವತ್ತು-ನಲವತ್ತರ ಪ್ಲಾಟು. ಹಳಿ ದಾಟಿದರೆ ಕೊಪ್ಪಳ. ಅಲ್ಲಿದ್ದ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಮನೆಯಲ್ಲಿ ಮೂರೇ ಜನ. ನಾನು, ಮನೆಯವರು, ಅತ್ತೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಹಬ್ಬಕ್ಕೆ ಬರುತ್ತಾಳೆ, ಒಮ್ಮೊಮ್ಮೆ ಬರುವುದಿಲ್ಲ. ಅವಳಂತೂ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಳು. "ಮಮ್ಮಿ, ಕಿಚನ್ನೇ ಯಾಕೆ? ಒಂದು ಮೂಲೆಯಲ್ಲಿ ಇಂಡಕ್ಷನ್ ಇಡು, ಒಂದು ಸಿಂಕ್ ಇಡು, ಮುಗೀತು. ಆ ಜಾಗದಲ್ಲಿ ನಿನಗೇ ಓದೋಕೆ ಒಂದು ರೂಮ್ ಮಾಡಿಸ್ಕೋ."

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಅಡುಗೆ ಮಾಡುವುದು ಇಷ್ಟವಿಲ್ಲ. ಈ ಒಂದು ಮಾತು ಬರೆಯಲು ನನಗೆ 49 ವರ್ಷ ಬೇಕಾಯಿತು. ಬರುವುದಿಲ್ಲ ಅಂತಲ್ಲ. ಚೆನ್ನಾಗಿಯೇ ಬರುತ್ತದೆ. ಇಪ್ಪತ್ತು ವರ್ಷ ಬೆಳಗಿನ ಐದಕ್ಕೆ ಎದ್ದು, ಹದಿನೆಂಟು ರೊಟ್ಟಿ ಬಡಿದು, ಒಂದು ಕಾಳಿನ ಪಲ್ಯ, ಒಂದು ಸಾರು ಮಾಡಿ, ಡಬ್ಬಿ ಕಟ್ಟಿ, ಏಳೂ ಮುಕ್ಕಾಲರ ಬಸ್ ಹಿಡಿದಿದ್ದೇನೆ. ತರಗತಿಯಲ್ಲಿ ಸುಣ್ಣದ ಕಡ್ಡಿ ಹಿಡಿದರೆ ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಕಾಣಿಸುತ್ತಿತ್ತು. ಅದನ್ನು ಪ್ರೀತಿ ಅಂತ ಕರೆದರು. ನಾನೂ ಹಾಗೇ ಕರೆದುಕೊಂಡೆ. ಈಗ ಮನೆ ಕಟ್ಟಿಸುವ ನೆಪದಲ್ಲಿ ನಿಜ ಹೊರಗೆ ಬಿತ್ತು.

ನಿಜ ಹೊರಬೀಳಲು ಇನ್ನೊಂದು ಕಾರಣವೂ ಇದೆ. ಮನೆ ಕೆಡವಿದ ಮೇಲೆ ನಾವು ಎಂಟು ತಿಂಗಳಿಂದ ಅಡುಗೆಮನೆ ಇಲ್ಲದೆ ಬದುಕುತ್ತಿದ್ದೇವೆ.

ಬಾಡಿಗೆಗೆ ಸಿಕ್ಕದ್ದು ಮಹಡಿ ಮೇಲಿನ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಒಂದು ಕಡಪಾ ಕಲ್ಲು ಹಾಸಿದ್ದಾರೆ. ಅದರ ಮೇಲೆ ಒಂದೇ ಬರ್ನರಿನ ಸ್ಟೌ. ನೀರಿನ ನಲ್ಲಿ ಹೊರಗೆ, ಮೆಟ್ಟಿಲ ಹತ್ತಿರ. ಪಾತ್ರೆ ಪಗಡೆ ಎಲ್ಲ ಗೋಣಿಚೀಲದಲ್ಲಿ ಕಟ್ಟಿ ನಾದಿನಿ ಮನೆಗೆ ಹೋಯಿತು. ನಾವು ಇಟ್ಟುಕೊಂಡದ್ದು ಒಂದು ಕುಕ್ಕರು, ಒಂದು ಬೋಗುಣಿ, ಚಹಾದ ಪಾತ್ರೆ, ನಾಲ್ಕು ತಟ್ಟೆ. ರೊಟ್ಟಿ ಹೊರಗಿನಿಂದ. ಪಲ್ಯ ಒಮ್ಮೊಮ್ಮೆ ಖಾನಾವಳಿಯಿಂದ. ಅನ್ನ ಮಾತ್ರ ಮನೆಯಲ್ಲಿ. ಸಂಜೆ ಹಸಿವಾದರೆ ಕೆಳಗಿನ ಗಾಡಿಯಿಂದ ಮಂಡಾಳ ಒಗ್ಗರಣಿ, ಎರಡು ಮಿರ್ಚಿ.

ಮೊದಲ ತಿಂಗಳು ನನಗೆ ಸ್ವರ್ಗ. ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಆರೂವರೆಗೆ ಎದ್ದು ಚಹಾ ಕುಡಿಯುತ್ತಾ ಪೇಪರ್ ಓದಿದೆ. ಇಪ್ಪತ್ತು ವರ್ಷದಲ್ಲಿ ಬೆಳಗಿನ ಪೇಪರನ್ನು ಬೆಳಿಗ್ಗೆಯೇ ಓದಿದ್ದು ಅದೇ ಮೊದಲು.

ಆಮೇಲೆ ಒಂದೊಂದೇ ಕೊರತೆ ಕಾಣತೊಡಗಿತು. ವಿಚಿತ್ರ ಅಂದರೆ ನಾನು ಅಂದುಕೊಂಡಿದ್ದ ಯಾವ ಕೊರತೆಯೂ ಅಲ್ಲ ಅದು. ಮನೆಯೂಟದ ರುಚಿ ತಪ್ಪಿತು ಅಂತ ಯಾರೂ ಅಳಲಿಲ್ಲ. ಖಾನಾವಳಿಯ ಎಣ್ಣೆಗಾಯಿ ನನ್ನದಕ್ಕಿಂತ ಚೆನ್ನಾಗಿರುತ್ತದೆ ಅಂತ ಮನೆಯವರೇ ಬಾಯಿ ತಪ್ಪಿ ಹೇಳಿದರು. ಕೊರತೆ ಕಂಡದ್ದು ಸಣ್ಣ ಸಣ್ಣದರಲ್ಲಿ. ಕಾಳು ನೆನೆಹಾಕಲು ಜಾಗ ಇಲ್ಲ. ಮೊಸರಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಪ್ರತಿ ರಾತ್ರಿ ಯಾರೋ ಒಬ್ಬರು ಕಾಲಲ್ಲಿ ಒದೆಯುತ್ತಾರೆ. ಮದುವೆ ಕಾರ್ಡು ಕೊಡಲು ಬಂದವರಿಗೆ ಚಹಾ ಇಟ್ಟರೆ, ಅವರು ಕೂತಲ್ಲಿಂದಲೇ ನಾನು ಸಕ್ಕರೆ ಎಷ್ಟು ಹಾಕಿದೆ ಅಂತ ಎಣಿಸಬಹುದು. ನಮ್ಮ ಕಡೆ ಚಹಾ ಕೊಡದೆ ಕಳಿಸಿದರೆ ಮನೆಗೆ ಬಂದ ಹಾಗೇ ಅಲ್ಲ. ಆದರೆ ಆ ಚಹಾ ಒಳಗಿನಿಂದ ಬರಬೇಕು. ಎದುರಿಗೇ ಕುದಿಯುವ ಚಹಾಕ್ಕೆ ಮರ್ಯಾದೆ ಯಾಕೋ ಕಡಿಮೆ.

ನವೆಂಬರಿನಲ್ಲಿ ಅತ್ತೆಗೆ ಜ್ವರ ಬಂತು. ಆವಾಗ ಬೇಕಾದದ್ದು ಗಂಜಿ. ಎರಡು ತಾಸಿಗೊಮ್ಮೆ ಅರ್ಧ ಲೋಟ, ಬಿಸಿಯಾಗಿ, ಉಪ್ಪು ಸ್ವಲ್ಪ ಕಡಿಮೆ. ಊಟ ತಂದುಕೊಡುವ ಆ್ಯಪು ಈಗ ನಮ್ಮೂರಲ್ಲೂ ಇದೆ. ಬಿರಿಯಾನಿ ಇದೆ, ನೂಡಲ್ಸ್ ಇದೆ. ರಾತ್ರಿ ಎರಡಕ್ಕೆ ಅರ್ಧ ಲೋಟ ಗಂಜಿ ಇಲ್ಲ. ಆ ಒಂದೇ ಬರ್ನರಿನ ಮುಂದೆ ಎರಡು ರಾತ್ರಿ ಕೂತೆ.

ಮಗಳು ತನ್ನ ಬೆಂಗಳೂರಿನ ಕೋಣೆಯಲ್ಲಿ ಹೀಗೇ ಇದ್ದಾಳೆ, ಅದೂ ಖುಷಿಯಾಗಿ. ಅವಳಿಗೆ ನಾನು ನೆನಪಿಸಿದ್ದು 2020ರ ಮಾರ್ಚ್. ಆಗ ಅವಳು ಓದುತ್ತಿದ್ದಳು, ಪಿಜಿಯಲ್ಲಿದ್ದಳು. ಲಾಕ್‌ಡೌನ್ ಆದ ಮೂರನೇ ದಿನಕ್ಕೆ ಪಿಜಿಯ ಅಡುಗೆಯವರು ಊರಿಗೆ ಹೋದರು. ಹೋಟೆಲುಗಳು ಬಾಗಿಲು ಹಾಕಿದ್ದವು. ನೀರು ಕಾಯಿಸುವ ಕೆಟಲಿನಲ್ಲಿ ಅಕ್ಕಿ ಬೇಯಿಸಲು ನೋಡಿ ಕೆಟಲ್ ಸುಟ್ಟುಕೊಂಡಳು. ಐದು ದಿನ ಬಿಸ್ಕೀಟು ಮತ್ತು ಬಾಳೆಹಣ್ಣು. ಆಗ ಫೋನಿನಲ್ಲಿ ಅಳುತ್ತಾ ಅವಳು ಕೇಳಿದ್ದು ದುಡ್ಡಲ್ಲ, ಒಂದು ಒಲೆ. ನೆನಪಿಸಿದರೆ, "ಅದು ನೂರು ವರ್ಷಕ್ಕೊಮ್ಮೆ ಆಗೋದು ಮಮ್ಮಿ" ಅನ್ನುತ್ತಾಳೆ. ಇರಬಹುದು. ಹಸಿವು ಮಾತ್ರ ದಿನಾ ಬರುತ್ತದೆ.

ನಮ್ಮ ಮನೆಯವರ ವಾದವೇ ಬೇರೆ. ಅವರಿಗೆ ದೊಡ್ಡ ಅಡುಗೆಮನೆ ಬೇಕು. ಆಗ್ನೇಯ ಮೂಲೆಯಲ್ಲಿ, ಪೂರ್ವಕ್ಕೆ ಮುಖ ಮಾಡಿ ನಿಲ್ಲುವ ಹಾಗೆ, ನಡುವೆ ನಾಲ್ಕು ಜನ ಕೂತು ಉಣ್ಣುವಷ್ಟು ಜಾಗ ಬಿಟ್ಟು. ಅವರು ಹುಟ್ಟಿ ಬೆಳೆದ ಮಾಳಿಗೆ ಮನೆಯ ಅಡುಗೆಮನೆ ಹಾಗಿತ್ತಂತೆ. ನಾನು ಕೇಳಿದೆ, "ಅಲ್ಲಿ ನೀವು ಎಷ್ಟು ಹೊತ್ತು ಇರತಿದ್ರಿ?" ಅವರು ಯೋಚಿಸಿ ಹೇಳಿದರು, "ಉಣ್ಣೋ ಹೊತ್ತಿಗೆ."

ಆ ಅಡುಗೆಮನೆಯಲ್ಲಿ ಹದಿನಾಲ್ಕು ಜನಕ್ಕೆ ಬೇಯಿಸಿದ ಅತ್ತೆ ಇನ್ನೂ ಇದ್ದಾರೆ. ಅವರನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಅವರು ದೊಡ್ಡದು ಬೇಕು ಅಂದೇ ಅನ್ನುತ್ತಾರೆ ಅಂದುಕೊಂಡಿದ್ದೆ.

"ಎದಕ್ಕ ಬೇಕ ಯವ್ವಾ ದೊಡ್ಡದು? ಉಡುಗಾಕ, ಸಾರಸಾಕ? ಆ ಕತ್ತಲ್ಯಾಗ ಒಲಿ ಊದಿ ಊದಿ ನನ್ನ ಕಣ್ಣು ಹೋದುವು. ಹೊಗಿ ಹೋಗಾಕ ಒಂದು ಬೆಳಕಿಂಡಿ, ಮಳಿ ಬಂದ್ರ ಅದನ್ನೂ ಮುಚ್ಚೂದು. ಸಣ್ಣದ ಮಾಡ್ಸು. ಕಿಡಕಿ ದೊಡ್ಡದು ಮಾಡ್ಸು."

ಮನೆಯವರು ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅತ್ತೆಯ ಆ ಮಾತಿನ ಮೇಲೆ ತುಂಬಾ ಯೋಚಿಸಿದೆ. ನನ್ನ ತವರು ಕುಷ್ಟಗಿ ಕಡೆಯ ಹಳ್ಳಿ. ನಮ್ಮ ಮನೆಯ ಅಡುಗೆಮನೆಯೂ ದೊಡ್ಡದೇ. ಆದರೆ ಈಗ ಕಣ್ಣು ಮುಚ್ಚಿ ನೆನೆಸಿಕೊಂಡರೆ ಅದರಲ್ಲಿ ಅಡುಗೆಗೆ ಇದ್ದ ಜಾಗ ಎಷ್ಟು? ಒಲೆಯ ಮುಂದೆ ಒಬ್ಬರು ಕೂರುವಷ್ಟು. ಉಳಿದದ್ದೆಲ್ಲ ಬೇರೆ ಕೆಲಸಕ್ಕೆ. ಒಂದು ಮೂಲೆಯಲ್ಲಿ ಬೀಸುವ ಕಲ್ಲು. ಇನ್ನೊಂದು ಕಡೆ ಒರಳು, ಒನಕೆ. ಗೋಡೆಯುದ್ದಕ್ಕೂ ಜೋಳ, ತೊಗರಿ, ಸಜ್ಜೆ ತುಂಬಿದ ಗಡಿಗೆಗಳು. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಬೆಣ್ಣೆ. ಬೇಸಿಗೆಯಲ್ಲಿ ವರ್ಷದ ಖಾರ, ಸಂಡಿಗೆ, ಉಪ್ಪಿನಕಾಯಿ. ಅದು ಸಣ್ಣ ಕಾರ್ಖಾನೆ ಮತ್ತು ಗೋದಾಮು. ಅಡುಗೆ ಅದರಲ್ಲಿ ಒಂದು ವಿಭಾಗ ಅಷ್ಟೇ.

ಆ ವಿಭಾಗಗಳು ಒಂದೊಂದಾಗಿ ಮನೆ ಬಿಟ್ಟು ಹೋದವು. ಬೀಸುವುದು ಹಿಟ್ಟಿನ ಗಿರಣಿಗೆ ಹೋಯಿತು. ಬೀಸುವ ಕಲ್ಲಿನ ಹಾಡುಗಳೂ ಹೋದವು ಅಂತ ವಿದ್ವಾಂಸರು ಬೇಸರ ಮಾಡಿಕೊಳ್ಳುತ್ತಾರೆ. ಬೀಸಿದವರು ಯಾರೂ ಬೇಸರ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಖಾರ ಕುಟ್ಟುವುದು ಮಷೀನಿಗೆ ಹೋಯಿತು. ಹಾಲು ಪ್ಯಾಕೆಟ್ಟಿನಲ್ಲಿ ಬಂತು, ನೆಲುವು ಹೋಯಿತು. ವರ್ಷದ ಕಾಳು ತುಂಬುವುದು ನಿಂತು ವಾರದ ಸಂತೆ ಆಯಿತು, ಈಗ ಅದೂ ಇಲ್ಲ, ಬೇಕಾದಾಗ ಅರ್ಧ ಕಿಲೋ. ಸೌದೆ ಒಲೆ ಹೋಗಲು ಮಾತ್ರ ಬಹಳ ಕಾಲ ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ 'ಅಸ್ತ್ರ' ಎಂಬ ಕೇಂದ್ರ ಶುರುವಾಗಿತ್ತು. ಅವರು ಮಾಡಿದ ಮೂರು ಪಾತ್ರೆಯ, ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನು ನಾನು ನೋಡಿದ್ದು ನಮ್ಮ ದೊಡ್ಡಮ್ಮನ ಮನೆಯಲ್ಲಿ. ಅಡುಗೆಮನೆಯೊಳಗೆ ನಿಂತರೂ ಕಣ್ಣಲ್ಲಿ ನೀರು ಬರಲಿಲ್ಲ ಅನ್ನುವುದೇ ಆಗ ನನಗೆ ದೊಡ್ಡ ಸೋಜಿಗ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಮ್ಮ ಹಳ್ಳಿಯ ಮನೆಮನೆಗೂ ಸಿಲಿಂಡರ್ ಬಂತು. ಒಲೆಗಳು ಪೂರ್ತಿ ಆರಿದವು ಅಂತ ಹೇಳಲಾರೆ. ಸಿಲಿಂಡರ್ ಖಾಲಿಯಾದ ದಿನ ಹಿತ್ತಲಿನಲ್ಲಿ ಹೊಗೆ ಏಳುವುದು ಈಗಲೂ ಇದೆ.

ಇದರಲ್ಲಿ ನೀರಿನ ಪಾಲೂ ಇದೆ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಬಂತು. ಅತ್ತೆಯ ತವರು ಆ ಕಡೆ. ಅಲ್ಲಿ ಅನ್ನ ದಿನದ ಊಟವಾಯಿತು. ಕುಷ್ಟಗಿ, ಯಲಬುರ್ಗಾದ ಒಣ ನೆಲದಲ್ಲಿ ನಾವು ಜೋಳದಲ್ಲೇ ಉಳಿದೆವು. ಅನ್ನಕ್ಕೂ ರೊಟ್ಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದರೆ ಅನ್ನ ತಾನೇ ಆಗುತ್ತದೆ. ರೊಟ್ಟಿ ತಾನೇ ಆಗುವುದಿಲ್ಲ. ಜೋಳಕ್ಕೆ ಗೋಧಿಯ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುವಾಗಲೇ ಮಿದ್ದಬೇಕು. ಹಿಟ್ಟು ಹಳೆಯದಾದರೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಒಂದೊಂದನ್ನೂ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಹಚ್ಚಿ, ತಿರುವಿ ಬೇಯಿಸಬೇಕು. ನೂರು ರೊಟ್ಟಿ ಅಂದರೆ ನೂರು ಸಲ. ಉತ್ತರ ಕರ್ನಾಟಕದ ಹೆಂಗಸರನ್ನು ಅಡುಗೆಮನೆಗೆ ಕಟ್ಟಿಹಾಕಿದ್ದು ಪಲ್ಯವಲ್ಲ, ಸಾರಲ್ಲ. ರೊಟ್ಟಿ.

ಅಡುಗೆಮನೆ ಬೇಡ ಅನ್ನುವುದು ನನ್ನ ಮಗಳ ಹೊಸ ಕಲ್ಪನೆಯೇನಲ್ಲ. ಹಳೆಯ ರೋಮ್ ನಗರದ ಬಹುಮಹಡಿ ಮನೆಗಳಲ್ಲಿ ಹೆಚ್ಚಿನವುಗಳಿಗೆ ಅಡುಗೆಮನೆಯೇ ಇರಲಿಲ್ಲ. ಬಡವರು ಬೀದಿಯ ಅಂಗಡಿಯಲ್ಲಿ ಬಿಸಿ ಊಟ ಕೊಂಡು ತಿನ್ನುತ್ತಿದ್ದರು. ಪೊಂಪೇ ಊರನ್ನು ಅಗೆದಾಗ ಕಟ್ಟೆಯಲ್ಲೇ ಗಡಿಗೆ ಹೂತಿಟ್ಟ ಅಂಥ ಅಂಗಡಿಗಳು ಸಾಲಾಗಿ ಸಿಕ್ಕಿವೆ. ಮಾಸ್ಕೋದಲ್ಲಿ 1930ರ ಹೊತ್ತಿಗೆ ನಾರ್ಕೊಮ್‌ಫಿನ್ ಅನ್ನುವ ಕಟ್ಟಡ ಎದ್ದಿತು. ಅಲ್ಲಿ ಕೆಲವು ಮನೆಗಳಿಗೆ ಪೂರ್ತಿ ಅಡುಗೆಮನೆ ಕೊಡದೆ, ಎಲ್ಲರಿಗೂ ಸೇರಿ ಒಂದು ಊಟದ ಮನೆ ಮಾಡಿದ್ದರು. ಹೆಂಗಸರು ಒಲೆಯಿಂದ ಬಿಡುಗಡೆಯಾಗಲಿ ಅನ್ನುವುದೂ ಅದರ ಹಿಂದಿನ ಆಸೆ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಹೆಣ್ಣುಮಗಳು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಸಾವಿರಾರು ಹೊಸ ಮನೆ ಕಟ್ಟಿಸುವಾಗ ಅಡುಗೆಮನೆಯ ನಕ್ಷೆ ಮಾಡಿದವಳು ಅವಳು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನಕ್ಕೆ ಹೇಗೆ ಅಡುಗೆ ಮಾಡುತ್ತಾರೆ ಅಂತ ನೋಡಿ, ಎಷ್ಟು ಹೆಜ್ಜೆ ಉಳಿಸಬಹುದು ಅಂತ ಲೆಕ್ಕ ಹಾಕಿ ಮಾಡಿದ್ದು. ಅಂಥ ಸುಮಾರು 10,000 ಅಡುಗೆಮನೆ ಕಟ್ಟಿದರು. ಇವತ್ತು ನಾವು ಮಾಡ್ಯುಲರ್ ಕಿಚನ್ ಅನ್ನುತ್ತೇವಲ್ಲ, ಅದರ ಅಜ್ಜಿ ಇದು. ತಮಾಷೆ ಏನೆಂದರೆ, ಆ ನಕ್ಷೆ ಮಾಡುವ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಆಕೆ ಆಮೇಲೆ ಹೇಳಿಕೊಂಡಿದ್ದಾಳೆ. 102 ವರ್ಷ ಬದುಕಿ 2000ದಲ್ಲಿ ತೀರಿಕೊಂಡಳು. ಅಡುಗೆ ಮಾಡದಿದ್ದದ್ದೇ ಅವಳಿಗೆ ಒಳ್ಳೆಯದಾಯಿತೇನೋ ಅಂತ ನನಗೆ ಅನಿಸುತ್ತದೆ. ಇಷ್ಟಪಟ್ಟು ಅಡುಗೆ ಮಾಡುವವರು ಹೆಜ್ಜೆ ಎಣಿಸುವುದಿಲ್ಲ.

ಮಾಡ್ಯುಲರ್ ಅಂದಾಗ ನೆನಪಾಯಿತು. ನಮ್ಮ ಶಾಲೆಯ ಒಬ್ಬರು ಟೀಚರ್ ಮೂರು ಲಕ್ಷ ಕೊಟ್ಟು ಅಂಥದ್ದು ಮಾಡಿಸಿದ್ದಾರೆ. ಬಿಳಿ ಕಪಾಟು, ಮುಟ್ಟಿದರೆ ತಾನೇ ತೆರೆಯುವ ಬಾಗಿಲು, ಮೇಲೆ ಚಿಮಣಿ. ಗೃಹಪ್ರವೇಶಕ್ಕೆ ಹೋದಾಗ ನಮಗೆಲ್ಲ ಹೊಟ್ಟೆಕಿಚ್ಚು. ಆರು ತಿಂಗಳ ಮೇಲೆ ಹೋದರೆ, ಅವರು ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಹಳೆಯ ಸ್ಟೌ ಇಟ್ಟುಕೊಂಡು ಮಿರ್ಚಿ ಕರಿಯುತ್ತಿದ್ದರು. ಒಳಗೆ ಕರಿದರೆ ಬಿಳಿ ಕಪಾಟಿಗೆ ಜಿಡ್ಡು ಹತ್ತುತ್ತದಂತೆ. ರೊಟ್ಟಿಯೂ ಹೊರಗೇ, ನೆಲದ ಮೇಲೆ ಕೂತು. ಎತ್ತರದ ಕಟ್ಟೆಯ ಮೇಲೆ ನಿಂತು ರೊಟ್ಟಿ ಬಡಿದರೆ ಭುಜ ಹಿಡಿದುಕೊಳ್ಳುತ್ತದೆ ಅನ್ನುವುದು ನನಗೂ ಗೊತ್ತಿದ್ದ ವಿಷಯವೇ. ಫ್ರಾಂಕ್‌ಫರ್ಟಿನವರಿಗೆ ರೊಟ್ಟಿ ಗೊತ್ತಿರಲಿಲ್ಲ, ಪಾಪ. ಆದರೆ ಮೂರು ಲಕ್ಷ! ನಾನು ದಿನಕ್ಕೆ ಹನ್ನೆರಡು ರೊಟ್ಟಿ ಕೊಳ್ಳುತ್ತೇನೆ. ಒಂದಕ್ಕೆ 8 ರೂಪಾಯಿ. ತಿಂಗಳಿಗೆ 2,880. ಮೂರು ಲಕ್ಷಕ್ಕೆ ಎಂಟೂವರೆ ವರ್ಷ ಕೂತು ರೊಟ್ಟಿ ತಿನ್ನಬಹುದು.

ಈ ಲೆಕ್ಕವನ್ನು ನಾನು ಸ್ಟಾಫ್ ರೂಮಿನಲ್ಲಿ ಎರಡು ಸಲ ಹೇಳಿ ನಗಿಸಿದ್ದೇನೆ. ಏಪ್ರಿಲ್ ತಿಂಗಳ ಆ ಮಧ್ಯಾಹ್ನದ ಮೇಲೆ ಹೇಳಿಲ್ಲ.

ರೊಟ್ಟಿ ತಂದುಕೊಡುವವರನ್ನು ನಾವು ರೊಟ್ಟಿ ಅಕ್ಕ ಅನ್ನುತ್ತೇವೆ. ಮೂರು ಓಣಿ ಆಚೆ ಮನೆ. ಮೊದಲು ವಿಗ್ಗಿಗೆ ಹೋಗುವ ಕೂದಲಿನ ಗಂಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಭಾಗ್ಯನಗರದಲ್ಲಿ ಮಗ್ಗದ ಸದ್ದು ಕಡಿಮೆಯಾದ ಮೇಲೆ ಕೂದಲಿನ ಉದ್ಯೋಗವೇ ದೊಡ್ಡದು ಅಂತ ಈ ಕಡೆಯವರಿಗೆಲ್ಲ ಗೊತ್ತು. ಗಂಟುಗಂಟಾದ ಕೂದಲು ಬಿಡಿಸಿ ಬಿಡಿಸಿ ಕಣ್ಣು ಸೋತವು, ಆಮೇಲೆ ರೊಟ್ಟಿಗೆ ಕೂತೆ ಅನ್ನುತ್ತಾರೆ. ಮೊದಲ ದಿನ ಅವರ ರೊಟ್ಟಿ ಬಂದಾಗ ಅತ್ತೆ ಕೇಳಿದ್ದರು, "ಅವರು ಯಾರ ಪೈಕಿ?" ನಾನು ಕೇಳಿಸದ ಹಾಗೆ ಇದ್ದೆ. ಮೂರನೇ ದಿನದಿಂದ ಅತ್ತೆ ಆ ಪ್ರಶ್ನೆ ಬಿಟ್ಟರು. ರೊಟ್ಟಿ ಅಷ್ಟು ತೆಳ್ಳಗೆ ಇತ್ತು. ನಮ್ಮ ಊರುಗಳಲ್ಲಿ ಖಾನಾವಳಿಯ ಬೋರ್ಡಿನಲ್ಲೇ ಜಾತಿಯ ಹೆಸರು ಬರೆದಿರುವ ಕಾಲ ಇನ್ನೂ ಮುಗಿದಿಲ್ಲ. ಅಡುಗೆಮನೆಯ ಹೊಸ್ತಿಲು ಯಾರು ಎಲ್ಲಿಯವರೆಗೆ ಬರಬಹುದು ಅಂತ ಅಳೆಯುವ ಪಟ್ಟಿಯೂ ಆಗಿತ್ತಲ್ಲ. ತಿಂಗಳ ಮೂರು ದಿನ ನನ್ನನ್ನೂ ಅಳೆದಿತ್ತು. ಬಾಡಿಗೆಯ ಒಂದೂವರೆ ಕೋಣೆಗೆ ಹೊಸ್ತಿಲೇ ಇಲ್ಲದ್ದರಿಂದ ಆ ಅಳತೆಯೂ ಸುಮ್ನೆ ಬಿದ್ದುಹೋಯಿತು.

ಅವತ್ತು ಅಕ್ಕನ ಮಗನಿಗೆ ಪರೀಕ್ಷೆ, ರೊಟ್ಟಿ ತರಲು ಯಾರೂ ಇರಲಿಲ್ಲ. ನಾನೇ ಹೋದೆ. ಮಧ್ಯಾಹ್ನ ಹನ್ನೆರಡೂವರೆ. ಹೊರಗೆ ಬಿಸಿಲು 40 ಡಿಗ್ರಿ ಹತ್ತಿರ. ಬಾಗಿಲಲ್ಲಿ ನಿಂತರೆ ಒಳಗಿನಿಂದ ಬಂದ ಕಾವು ಹೊರಗಿನದಕ್ಕಿಂತ ಹೆಚ್ಚಿತ್ತು.

ತಗಡಿನ ಮಾಡು. ಒಳಗೆ ಅಡ್ಡಗೋಡೆ ಹಾಕಿ ಬೇರೆ ಮಾಡಿದ ಜಾಗ, ಆರು ಅಡಿ ಇದ್ದರೆ ಹೆಚ್ಚು. ಕಿಟಕಿ ಇಲ್ಲ. ನೆಲದ ಮೇಲೆ ಒಂದು ಗ್ಯಾಸಿನ ಒಲೆ, ಹಿಂದಿನ ಬಾಗಿಲಾಚೆ ಒಂದು ಸೌದೆ ಒಲೆ. ಗ್ಯಾಸ್ ದುಬಾರಿ ಅಂತ ಹೆಚ್ಚಿನ ಆರ್ಡರ್ ಇದ್ದಾಗ ಎರಡನ್ನೂ ಹಚ್ಚುತ್ತಾರೆ. ಅಕ್ಕ ಕೊಣಮಿಗೆಯ ಮುಂದೆ ಕೂತು ಬಡಿಯುತ್ತಿದ್ದರು, ಸೊಸೆ ಬೇಯಿಸುತ್ತಿದ್ದಳು. ಫ್ಯಾನ್ ಇತ್ತು, ಹಾಕಿರಲಿಲ್ಲ. ಹಾಕಿದರೆ ಒಲೆಯ ಉರಿ ಹೊಯ್ದಾಡುತ್ತದೆ, ಹಿಟ್ಟೂ ಹಾರುತ್ತದೆ. ಬಿದಿರಿನ ಬುಟ್ಟಿಯಲ್ಲಿ ರೊಟ್ಟಿಯ ಗೋಪುರ. ದಿನಕ್ಕೆ ಎಷ್ಟು ಅಂತ ಕೇಳಿದೆ.

"ಇನ್ನೂರು ಆಗತಾವ್ರಿ ಟೀಚರ್. ಮದಿವಿ ಸೀಜನ್ ಇದ್ರ ಲೆಕ್ಕ ಇಲ್ಲ."

"ಮನೆಗೆ?"

"ಮನಿಗೆ ಅನ್ನ ಮಾಡ್ತೀವ್ರಿ. ಇಷ್ಟು ಬಡದ ಮ್ಯಾಲ ಮತ್ತ ರೊಟ್ಟಿ ತಿನ್ನಾಕ ಮನಸ ಬರಂಗಿಲ್ಲ."

ಹನ್ನೆರಡು ರೊಟ್ಟಿ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನನ್ನ ಬೆಳಗಿನ ಐದು ಗಂಟೆ ಎಲ್ಲೂ ಹೋಗಿಲ್ಲ. ಮೂರು ಓಣಿ ಆಚೆ ಹೋಗಿದೆ ಅಷ್ಟೇ. ನಾನು ಸಣ್ಣದು ಮಾಡಿಸುತ್ತಿರುವ ಅಡುಗೆಮನೆಯ ಉಳಿದ ಜಾಗ, ಅದರ ಕಾವು, ಹೊಗೆ ಎಲ್ಲ ಅಕ್ಕನ ಮನೆಯೊಳಗೆ ಇದೆ. ಇಂಥ ಮೂವತ್ತು ನಲವತ್ತು ಮನೆಗಳ ಅಡುಗೆಮನೆ ಆ ಆರು ಅಡಿಯಲ್ಲಿ ತುರುಕಿಕೊಂಡಿದೆ. ನಾಳೆಯಿಂದ ನಾನೇ ಬಡಿದುಕೊಂಡರೆ ಅಕ್ಕನಿಗೆ ಒಳ್ಳೆಯದೇ? ಅದೂ ಇಲ್ಲ. ನನ್ನಂಥವರು ಕೊಳ್ಳುವುದು ಬಿಟ್ಟರೆ ಅವರು ಮತ್ತೆ ಕೂದಲಿಗೇ ಹೋಗಬೇಕು. "ಈ ಉದ್ಯೋಗ ಚಲೋ ಐತ್ರಿ, ಮನ್ಯಾಗ ಇರತೀನಿ, ದುಡ್ಡು ನನ್ನ ಕೈಯಾಗ ಇರತೈತಿ" ಅಂತ ಅವರೇ ಹೇಳಿದ್ದಾರೆ. ಪಾಪಪ್ರಜ್ಞೆಯಿಂದ ಅವರ ಆರ್ಡರ್ ಕಡಿಮೆ ಮಾಡುವುದು ನನ್ನ ಸಮಾಧಾನಕ್ಕೆ ಅವರ ಹೊಟ್ಟೆಗೆ ಹೊಡೆದ ಹಾಗೆ. ಒಂದು ರೊಟ್ಟಿಗೆ ಎಂಟು ರೂಪಾಯಿಯ ಬದಲು ಹತ್ತು ಕೊಡಬಹುದು. ಕೊಡುತ್ತಿದ್ದೇನೆ. ಅದರಿಂದ ಆ ಗೋಡೆಯಲ್ಲಿ ಕಿಟಕಿ ಹುಟ್ಟುವುದಿಲ್ಲ.

ನಾವು ಸರಕಾರದ ಕ್ಯಾಂಟೀನ್ ಬಗ್ಗೆ ಎಷ್ಟು ಮಾತಾಡುತ್ತೇವೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಅಂತ ಊರೆಲ್ಲ ಸುದ್ದಿ. ಅಲ್ಲಿ ಅಡುಗೆಗೆ ದೊಡ್ಡ ಜಾಗ, ದೊಡ್ಡ ಪಾತ್ರೆ, ಕೆಲಸದವರಿಗೆ ಪಗಾರ ಇರುತ್ತದೆ. ಅಡುಗೆ ಮನೆಯಿಂದ ಹೊರಗೆ ಹೋಗುವುದಾದರೆ ಹಾಗೆ ಹೋಗಬೇಕು. ನಮ್ಮ ಓಣಿಗಳಲ್ಲಿ ಅದು ಹೋಗುತ್ತಿರುವುದು ನಮ್ಮ ಮನೆಯಿಂದ ನಮಗಿಂತ ಬಡವರ ಮನೆಗೆ.

ಜನವರಿಯಲ್ಲಿ ಇನ್ನೊಂದು ನೋಡಿದೆ. ಗವಿಸಿದ್ಧೇಶ್ವರ ಅಜ್ಜನ ಜಾತ್ರೆ. ಗವಿಮಠದ ಮಹಾದಾಸೋಹ ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಅಷ್ಟು ಜನಕ್ಕೆ ರೊಟ್ಟಿ ಎಲ್ಲಿಂದ? ಅನ್ನ, ಸಾರು, ಮಿರ್ಚಿ ಅಲ್ಲೇ ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಆಗುತ್ತದೆ. ರೊಟ್ಟಿ ಹಾಗೆ ಆಗುವುದಿಲ್ಲವಲ್ಲ. ಅದು ಹಳ್ಳಿಗಳಿಂದ ಬರುತ್ತದೆ. ವಾರಗಟ್ಟಲೆ ಮೊದಲೇ ಊರೂರಿನ ಹೆಂಗಸರು ಬಡಿದು, ಖಡಕ್ ಮಾಡಿ, ಟ್ರ್ಯಾಕ್ಟರ್‌ಗಳಲ್ಲಿ ತುಂಬಿಸಿ ಕಳಿಸುತ್ತಾರೆ. ಒಟ್ಟು ಲೆಕ್ಕ ಲಕ್ಷಗಳಲ್ಲಿ. ಈ ಸಲ ಅತ್ತೆಯನ್ನು ಕರೆದುಕೊಂಡು ಊರಿಗೆ ಹೋಗಿದ್ದಾಗ ಒಂದು ಪಡಸಾಲೆಯಲ್ಲಿ ಇಪ್ಪತ್ತು ಜನ ಸಾಲಾಗಿ ಕೂತಿದ್ದರು. ನಗು, ಬೈಗುಳ, ಒಬ್ಬಳ ಗಂಡನ ಕುಡಿತದ ಕತೆ, ಇನ್ನೊಬ್ಬಳ ಸೊಸೆಯ ಕತೆ. ನನ್ನನ್ನೂ ಕೂರಿಸಿದರು. ಮನೆ ಕೆಡವಿದ ಮೇಲೆ ನಾನು ಮೊದಲ ಸಲ ರೊಟ್ಟಿ ಬಡಿದೆ. ಅಂಚು ಒಡೆಯಿತು. "ಟೀಚರ್ ಕೈ ಪೆನ್ನಿಗೆ ಹೋಗೈತಿ" ಅಂತ ಎಲ್ಲರೂ ನಕ್ಕರು.

ಸುಳ್ಳು ಹೇಳುವುದಿಲ್ಲ ಅಂದೆನಲ್ಲ. ಅವತ್ತು ಮಜಾ ಬಂತು. ನನಗೆ ಇಷ್ಟವಿಲ್ಲದ್ದು ರೊಟ್ಟಿಯೋ, ಒಬ್ಬಳೇ ಬಡಿಯುವುದೋ ಅಂತ ಒಂದು ಗಳಿಗೆ ಗೊಂದಲವಾಯಿತು. ಆದರೆ ಮರುದಿನ ಭುಜ ನೋವು ಬಂದಾಗ ಗೊಂದಲ ಸ್ವಲ್ಪ ಕಡಿಮೆಯಾಯಿತು.

ನಕ್ಷೆಯಲ್ಲಿ ಕೊನೆಗೆ ಉಳಿದದ್ದು ಇದು. ಅಡುಗೆಮನೆ ಆರು ಬೈ ಒಂಬತ್ತೇ. ಆದರೆ ಅದರ ಕಿಟಕಿ ನಾಲ್ಕು ಅಡಿ ಅಗಲ, ಅತ್ತೆ ಹೇಳಿದ ಹಾಗೆ. ಕಟ್ಟೆ ನನ್ನ ಎತ್ತರಕ್ಕೆ, ಮನೆಯವರೂ ಬಗ್ಗದೆ ಚಹಾ ಮಾಡುವ ಹಾಗೆ. ಅವರು ಈಗ ಚಹಾ ಮಾಡುತ್ತಾರೆ, ಒಂದೇ ಬರ್ನರ್ ಕಲಿಸಿದ ಪಾಠ. ಹಿಂದೆ ತೆರೆದ ಜಾಗದಲ್ಲಿ ನೆಲಮಟ್ಟಕ್ಕೆ ಇನ್ನೊಂದು ಗ್ಯಾಸ್ ಪೈಪ್ ಬಿಡಿಸಿದ್ದೇನೆ, ಮೇಲೆ ಮಾಡು, ಮೂರು ಕಡೆ ಗಾಳಿ. ಎಳ್ಳ ಅಮವಾಸ್ಯೆಗೆ ಚರಗದ ಅಡುಗೆಗೆ, ನಾದಿನಿಯರು ಬಂದಾಗ, ಹೋಳಿಗೆಗೆ. ಗೌಂಡಿ ಕೇಳಿದ, "ಇದ್ಯಾಕ್ರಿ ಅಕ್ಕಾರ, ಒಳಗ ಸಣ್ಣದು ಮಾಡಿ ಹೊರಗ ದೊಡ್ಡದು?" ಉಳಿದ ಜಾಗದಲ್ಲಿ ನನ್ನ ಓದುವ ಕೋಣೆ ಬಂತು. ಎಂಟು ಬೈ ಎಂಟು. ಅದು ಅಡುಗೆಮನೆಗಿಂತ ಹತ್ತು ಚದರ ಅಡಿ ದೊಡ್ಡದು ಅಂತ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ದೂರಿನ ಹಾಗೆ ಶುರುವಾದ ಮಾತು ಈಗೀಗ ಬಡಾಯಿಯ ಹಾಗೆ ಕೇಳಿಸುತ್ತಿದೆ.

ಹೋದ ವಾರ ಸ್ಲ್ಯಾಬ್ ಆಗಿ ಗೋಡೆಗಳು ಎದ್ದಿವೆ. ರೊಟ್ಟಿ ಅಕ್ಕ ಆ ದಾರಿಯಲ್ಲಿ ಬರುತ್ತಿದ್ದರು, ನೋಡಿ ಬನ್ನಿ ಅಂತ ಕರೆದೆ. ಬುಟ್ಟಿ ಕೆಳಗಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದರು. ಇನ್ನೂ ನೆಲ ಹಾಕಿಲ್ಲ, ಚಪ್ಪಲಿ ಬಿಡಬೇಡಿ ಅಂದರೂ ಕೇಳಲಿಲ್ಲ. ಅಡುಗೆಮನೆಯಲ್ಲಿ ನಿಂತು ಎರಡು ಕೈ ಚಾಚಿ ಗೋಡೆ ಅಳೆದರು.

"ನಮ್ಮಷ್ಟs ಐತಲ್ರಿ!"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿದರು. ಚೌಕಟ್ಟು ಇನ್ನೂ ಕೂರಿಸಿಲ್ಲ, ಬರೀ ತೂತು. ಅದರಿಂದ ಗಾಳಿ ನುಗ್ಗುತ್ತಿತ್ತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಆ ಗಾಳಿಗೆ ಮುಖ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಹೊರಗೆ ಗೌಂಡಿ ಸಿಮೆಂಟ್ ಕಲಸುವ ಸದ್ದು.

"ನಾಳೆ ಎಷ್ಟು ಹೇಳ್ರಿ ಟೀಚರ್?" ಎಂದು ಬುಟ್ಟಿ ಎತ್ತಿಕೊಂಡರು.

"ಹನ್ನೆರಡು" ಎಂದೆ.